ನಲವತ್ತೇಳನೇ ನಾಯಿಗೆ ಒಗ್ಗಿದ ವಸ್ತುಗಳು

ಅಪರಿಚಿತರನ್ನು ಕಂಡರೆ ಬೊಗಳುವ ನಾಯಿಯನ್ನು ಅಪರಿಚಿತರಿಗೆ ಮಾತ್ರ ದತ್ತು ಕೊಡತಕ್ಕದ್ದು, ಮತ್ತು ದತ್ತು ಪಡೆಯಲು ಬಂದವರನ್ನು ಕಂಡು ಆ ನಾಯಿ ಬೊಗಳತಕ್ಕದ್ದಲ್ಲ. ಇದು ನಿರಾಶ್ರಿತ ಪ್ರಾಣಿಗಳ ಪುನರ್ವಸತಿ ಕೇಂದ್ರದ ಒಂಬತ್ತನೇ ನಿಯಮ. ಇದನ್ನು ಓದಿ ನಗುವವರಿದ್ದಾರೆ. ನಗಲಿ, ಪಾಪ, ಅವರು ಯಾವತ್ತೂ ಒಂದು ಕೇಂದ್ರ ನಡೆಸಿದವರಲ್ಲ. ಮೂರು ಜನ ತಿಳಿದವರು ಎರಡು ದಿನ ಒಂದೇ ಕೋಣೆಯಲ್ಲಿ ಕೂತು, ಊಟ ತಿಂಡಿಯನ್ನೂ ಅಲ್ಲೇ ತರಿಸಿಕೊಂಡು, ಯೋಚಿಸಿ ಬರೆದ ನಿಯಮ ಅದು. ಪರಿಚಿತರಿಗೆ ಕೊಟ್ಟರೆ ಪಕ್ಷಪಾತವಾಗುತ್ತದೆ. ಬೊಗಳಿಸಿಕೊಂಡವರಿಗೆ ಕೊಟ್ಟರೆ ನಾಯಿಯ ಇಚ್ಛೆಯನ್ನು ಮೀರಿದಂತಾಗುತ್ತದೆ. ಎರಡೂ ಆಗಬಾರದು ಎಂದರೆ ಬೇರೆ ದಾರಿ ಎಲ್ಲಿದೆ, ನೀವೇ ಹೇಳಿ.

ಕೇಂದ್ರ ಇರುವುದು ಊರಾಚೆ, ಮರದ ದಿಮ್ಮಿ ಕೊಯ್ಯುವ ಕಾರ್ಖಾನೆಯ ಪಕ್ಕ. ಮುಂದೆ ಕಚೇರಿ, ಹಿಂದೆ ಎರಡು ಸಾಲು ಪಂಜರ, ನಡುವೆ ಅಡುಗೆಕೋಣೆ. ಆ ಅಡುಗೆಕೋಣೆಯಲ್ಲಿ ಹದಿನೇಳು ವರ್ಷದಿಂದ ನಾಯಿಗಳಿಗೆ ಗಂಜಿ ಬೇಯಿಸಿ ಹಂಚುತ್ತಿರುವವಳು ಒಬ್ಬಳಿದ್ದಾಳೆ. ಅಲ್ಯುಮಿನಿಯಂ ಬಟ್ಟಲುಗಳನ್ನು ಗದ್ದದವರೆಗೆ ಪೇರಿಸಿಕೊಂಡು ಓಡಾಡುವುದರಿಂದ ಅವಳಿಗೆ ಬಟ್ಟಲಕ್ಕ ಎಂದೇ ಹೆಸರಾಗಿಬಿಟ್ಟಿದೆ. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಮೇಲ್ವಿಚಾರಕರೂ ಅಕ್ಕ ಎಂದೇ ಕರೆಯುತ್ತಾರೆ. ಸಂಬಳದ ಪಟ್ಟಿಯಲ್ಲಿ ಮಾತ್ರ ಅವಳು "ಆಹಾರ ವಿತರಕಿ, ದರ್ಜೆ ನಾಲ್ಕು".

ನಲವತ್ತೇಳನೇ ನಾಯಿಯನ್ನು ತಂದದ್ದು ಮುಚ್ಚಿಹೋದ ಒಂದು ಬಿಸ್ಕತ್ತು ಕಾರ್ಖಾನೆಯಿಂದ. ಕಟ್ಟಡ ಕೆಡವಲು ಬಂದವರಿಗೆ ಒಲೆಯ ಅಡಿಯಲ್ಲಿ ಸಿಕ್ಕಿತಂತೆ. ಸೋಸಿ ಚೆಲ್ಲಿದ ಚಹಾಪುಡಿಯ ಬಣ್ಣ, ಅರ್ಧ ಹರಿದ ಎಡಗಿವಿ, ಪಕ್ಕೆಯಲ್ಲಿ ಯಾರೋ ಕೋಲಿನಲ್ಲಿ ಬರೆದಿಟ್ಟುಹೋದ ಎರಡು ಗೆರೆ. ಅದು ಕಚ್ಚುವ ನಾಯಿಯಲ್ಲ. ಹೊಸಬರು ಯಾರೇ ಬರಲಿ, ಪಂಜರದ ಹಿಂದಿನ ಮೂಲೆಗೆ ಬೆನ್ನು ಒತ್ತಿಕೊಂಡು, ಬಾಲ ಮಡಚಿಕೊಂಡು, ಜೀವ ಹೋಗುವ ಹಾಗೆ ಬೊಗಳುತ್ತಿತ್ತು ಅಷ್ಟೇ. ಬಟ್ಟಲಕ್ಕ ಅದಕ್ಕೆ ಗುಮ್ಮ ಎಂದು ಹೆಸರಿಟ್ಟಳು. ಕಡತದಲ್ಲಿ ಹೆಸರಿಗೆ ಜಾಗವಿರಲಿಲ್ಲ, ಆದ್ದರಿಂದ ಆ ಹೆಸರನ್ನು ಅವಳು ಬಾಯಲ್ಲೇ ಇಟ್ಟುಕೊಂಡಳು.

ಮೊದಲ ದಿನವೇ ಅವಳಿಗೆ ಗೊತ್ತಾಯಿತು, ಇದರ ಮುಖ ನೋಡಬಾರದು ಅಂತ. ಬಟ್ಟಲು ಒಳಗೆ ತಳ್ಳಿ, ಬಕೆಟ್ಟು ಮಗುಚಿ ಹಾಕಿ, ಅದರ ಮೇಲೆ ಪಂಜರಕ್ಕೆ ಬೆನ್ನು ತಿರುಗಿಸಿ ಕೂತುಬಿಟ್ಟಳು. ಸುಮ್ಮನೆ ಕೂರುವುದು ಅವಳ ಜಾಯಮಾನವಲ್ಲ, ಅದಕ್ಕೆ ಗಂಡನಿಗೊಂದು ಸ್ವೆಟರು ಹೆಣೆಯಲು ಶುರುಮಾಡಿದಳು. ದಿನಾ ಮಧ್ಯಾಹ್ನ ಅರ್ಧ ಗಂಟೆ, ನಲವತ್ತು ದಿನ. ನಲವತ್ತೊಂದನೇ ದಿನ ಉಣ್ಣೆಯ ಉಂಡೆ ಮಡಿಲಿಂದ ಜಾರಿ, ಸರಳಿನ ಸಂದಿಯಿಂದ ಉರುಳಿ ಒಳಗೆ ಹೋಯಿತು. ಅವಳು ತಿರುಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಣ್ಣಂಚಿನಲ್ಲಿ ನೋಡಿದರೆ ಗುಮ್ಮ ಆ ಉಂಡೆಯ ಮೇಲೆ ಗದ್ದ ಇಟ್ಟು ಮಲಗಿದ್ದ. ಅವತ್ತು ಅವಳು ಮನೆಗೆ ಹೋಗಿ ಎರಡು ಸಲ ಅತ್ತಳು, ಒಮ್ಮೆ ಈರುಳ್ಳಿ ಹೆಚ್ಚುವಾಗ, ಒಮ್ಮೆ ಏನೂ ಹೆಚ್ಚದೆ.

ಇಷ್ಟಕ್ಕೇ ನಿಂತಿದ್ದರೆ ಬರೆಯಲು ಏನೂ ಇರುತ್ತಿರಲಿಲ್ಲ. ಆದರೆ ಹದಿನಾರನೇ ನಿಯಮ ಅಂತ ಒಂದಿದೆ. ಬಂದು ಒಂದು ವರ್ಷ ತುಂಬಿದ ಮೇಲೂ ಕೇಂದ್ರದ ಆವರಣದಲ್ಲಿಯೇ ಉಳಿದಿರುವ ಪ್ರಾಣಿಯ ಕಡತವನ್ನು "ನೋವಾಗದ ರೀತಿಯಲ್ಲಿ ಮುಕ್ತಾಯಗೊಳಿಸತಕ್ಕದ್ದು". ಅಂದರೆ ಸೂಜಿ. ಶನಿವಾರ ಬರುವ ವೈದ್ಯರು ಕಪ್ಪು ಚೀಲದಲ್ಲಿ ತರುತ್ತಾರೆ. ಗುಮಾಸ್ತರ ಮೇಜಿನ ಮೇಲಿನ ಕ್ಯಾಲೆಂಡರಿನಲ್ಲಿ ನಲವತ್ತೇಳರ ಶನಿವಾರಕ್ಕೆ ಆಗಲೇ ಕೆಂಪು ಶಾಯಿಯಲ್ಲಿ ಸುತ್ತು ಬಿದ್ದಿತ್ತು. ಮೇಲ್ವಿಚಾರಕರು ಕರುಣಾಳು. ಆ ದಿನಕ್ಕೆ ಬಟ್ಟಲಕ್ಕನಿಗೆ ಅರ್ಧ ದಿನದ ರಜೆಯನ್ನು ಮುಂಚಿತವಾಗಿಯೇ ಮಂಜೂರು ಮಾಡಿ ಇಟ್ಟಿದ್ದರು.

ಕೇಂದ್ರ ಕೈಕಟ್ಟಿ ಕೂತಿತ್ತು ಎಂದು ಯಾರೂ ತಿಳಿಯಬಾರದು. "ಮನೆಗೊಂದು ಪ್ರಾಣಿ, ಪ್ರಾಣಿಗೊಂದು ಮನೆ" ಎಂಬ ಅಭಿಯಾನವನ್ನೇ ಮಾಡಿತು. ನಲವತ್ತೇಳರ ಭಿತ್ತಿಪತ್ರವೂ ಊರಲ್ಲೆಲ್ಲ ಬಿತ್ತು. ಅದರಲ್ಲಿದ್ದ ಚಿತ್ರ ಮಾತ್ರ ಬೇರೆ ನಾಯಿಯದು, ಬಿಳಿ ಕೂದಲು ಜೋಲುವ ಒಂದು ಜಾತಿಮರಿಯದು. ಇದರ ಮುಖ ಹಾಕಿದರೆ ಯಾರು ಬರುತ್ತಾರೆ ಎಂದು ಮೇಲ್ವಿಚಾರಕರು ಕೇಳಿದ್ದು ನ್ಯಾಯವಾದ ಮಾತೇ. ಆ ಬಿಳಿ ಮರಿ ಅಷ್ಟರಲ್ಲಿ ಅವರ ಭಾಮೈದನ ಮನೆ ಸೇರಿತ್ತು. ಸಿಬ್ಬಂದಿಗಾಗಲಿ ಅವರ ಸಂಬಂಧಿಕರಿಗಾಗಲಿ ಕೇಂದ್ರದ ಪ್ರಾಣಿಗಳನ್ನಾಗಲಿ ವಸ್ತುಗಳನ್ನಾಗಲಿ ಕೊಡತಕ್ಕದ್ದಲ್ಲ ಎಂಬ ನಾಲ್ಕನೇ ನಿಯಮ ಇದೆ, ನಿಜ. ಆದರೆ ಭಾಮೈದ ತಮ್ಮ ಸಂಬಂಧಿಕನಲ್ಲ, ಹೆಂಡತಿಯ ಸಂಬಂಧಿಕ, ಎಂದು ಮೇಲ್ವಿಚಾರಕರೇ ಸಹಿ ಹಾಕಿ ದೃಢೀಕರಿಸಿದ್ದರು. ಆ ವರ್ಷ ಅವನಿಗೆ ಒಂಬತ್ತು ಜಾತಿಮರಿಗಳು ದತ್ತು ಹೋದವು. ಅವನಿಗೆ ಪೇಟೆಯಲ್ಲಿ ಸಾಕುಪ್ರಾಣಿ ಮಾರುವ ಅಂಗಡಿ ಇತ್ತು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಪ್ರಾಣಿಗಳ ಮೇಲೆ ಪ್ರೀತಿ ಇದ್ದವರು ಅಂಥ ಅಂಗಡಿಯನ್ನೇ ತಾನೇ ಇಡುವುದು.

ಭಿತ್ತಿಪತ್ರ ನೋಡಿ ಬಂದವರಿಗೆ ಒಂಬತ್ತನೇ ನಿಯಮದಂತೆ ಸಂದರ್ಶನ ನಡೆಯಿತು. ಪಂಜರದ ಮುಂದೆ ಮೇಜು ಹಾಕುತ್ತಿದ್ದರು. ಸಮಿತಿಯ ಐದು ಜನ ಎದುರಿಗೆ ಕೂರುತ್ತಿದ್ದರು. ಅರ್ಜಿದಾರರು ಸರಳಿಗೆ ಒಂದು ಮಾರು ದೂರದಲ್ಲಿ ನಿಂತು, ನಾಯಿಯ ಕಣ್ಣಲ್ಲಿ ಕಣ್ಣಿಟ್ಟು, ತಮ್ಮ ಹೆಸರು ವಿಳಾಸವನ್ನು ಗಟ್ಟಿಯಾಗಿ ಹೇಳಿ, ನಾಯಿಯನ್ನು ಅದರ ಸಂಖ್ಯೆಯಿಂದ ಮೂರು ಸಲ ಕೂಗಬೇಕು. ಗುಮಾಸ್ತರು ಬೊಗಳುಗಳನ್ನು ಎಣಿಸಿ ಗೀಟು ಹಾಕುತ್ತಿದ್ದರು. ಐದರವರೆಗೆ ಬೊಗಳಿದರೆ ಅದು "ಸಂಭಾಷಣೆ". ಆರು ಆಯಿತೆಂದರೆ "ಆಕ್ಷೇಪಣೆ", ಅರ್ಜಿ ವಜಾ. ಒಮ್ಮೆ ವಜಾ ಆದವರು ಮತ್ತೆ ಬರುವಂತಿಲ್ಲ.

ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರಿಗೆ ಮೂವತ್ತೊಂದು ಬೊಗಳು ಬಿದ್ದವು. ಹೊಸದಾಗಿ ಮದುವೆಯಾದ ಜೋಡಿಗೆ ಹತ್ತೊಂಬತ್ತು, ಅದರಲ್ಲಿ ಹೆಂಡತಿಗೆ ಎಷ್ಟು ಗಂಡನಿಗೆ ಎಷ್ಟು ಎಂದು ಅವರಿಬ್ಬರೂ ಗೇಟಿನವರೆಗೆ ಜಗಳವಾಡುತ್ತ ಹೋದರು. ಬಟ್ಟಲಕ್ಕ ತಡೆಯಲಾರದೆ ಒಂದು ಮಾತು ಹೇಳಿ ನೋಡಿದಳು: ಎಲ್ಲರೂ ಸ್ವಲ್ಪ ಬೆನ್ನು ತಿರುಗಿಸಿ ಕೂತರೆ ಅವನು ಸುಮ್ಮನಾಗುತ್ತಾನೆ ಅಂತ. ಸಮಿತಿ ಇದನ್ನು ಗಂಭೀರವಾಗಿ ಪರಿಗಣಿಸಿತು. ಕರ್ತವ್ಯಕ್ಕೆ ಬೆನ್ನು ತೋರಿಸುವುದು ಶಿಸ್ತಿನ ಉಲ್ಲಂಘನೆ ಎಂದು ನಡಾವಳಿಯಲ್ಲಿ ಬರೆಸಿ, ಅದಕ್ಕೆ ಅವಳ ಸಹಿಯನ್ನೂ ಪಡೆಯಿತು.

ಒಬ್ಬರು ಮಾತ್ರ ಗೆಲ್ಲುವವರಿದ್ದರು. ಹಲ್ಲಿನ ಡಾಕ್ಟರು, ಐವತ್ತು ದಾಟಿದ ಹೆಂಗಸು. ದಿನಾ ಹೆದರಿದವರ ಬಾಯಿಗೇ ಕೈ ಹಾಕುವವರಲ್ಲವೇ, ಹೆದರಿಕೆ ಅಂದರೇನು ಅಂತ ಅವರಿಗೆ ಗೊತ್ತಿತ್ತು. ಹೆಸರು ವಿಳಾಸ ಹೇಳಬೇಕಾದಷ್ಟು ಹೇಳಿ, ನೆಲದ ಮೇಲೆ ಪಕ್ಕವಾರಿ ಕೂತು, ತಮ್ಮ ಕೈಚೀಲದಲ್ಲಿ ಏನೋ ಹುಡುಕುತ್ತ ಇದ್ದುಬಿಟ್ಟರು. ಗುಮ್ಮ ನಾಲ್ಕು ಬೊಗಳಿ ನಿಲ್ಲಿಸಿದ. ಒಂದು ನಿಮಿಷ. ಎರಡು ನಿಮಿಷ. ಬಟ್ಟಲಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನಾಲ್ಕಕ್ಕೇ ನಿಂತದ್ದನ್ನು ಕಂಡು ಗುಮಾಸ್ತರಿಗೂ ಸಂತೋಷವಾಯಿತು. ಆ ಸಂತೋಷದಲ್ಲಿ "ಅಂಗೀಕರಿಸಿದೆ" ಎಂಬ ಮೊಹರನ್ನು ಎತ್ತಿ ಮೇಜಿನ ಮೇಲಿದ್ದ ಅರ್ಜಿಗೆ ಧಡ್ಡೆಂದು ಗುದ್ದಿದರು. ಗುಮ್ಮ ಬೆಚ್ಚಿಬಿದ್ದು ಇನ್ನೆರಡು ಬೊಗಳಿದ. ಒಟ್ಟು ಆರು. ಗುಮಾಸ್ತರು ತಾವೇ ಹಾಕಿದ ಮೊಹರನ್ನು ಹೊಡೆದುಹಾಕಿ, ಪಕ್ಕದಲ್ಲಿ ಇನ್ನೊಂದನ್ನು ಒತ್ತಿದರು, ಈ ಸಲ ಮೆಲ್ಲಗೆ.

ಅವತ್ತು ಬಟ್ಟಲಕ್ಕ ಬಾಯಿಬಿಟ್ಟು ಕೇಳಿಯೇ ಬಿಟ್ಟಳು.

"ಸರ್, ನನಗೇ ಕೊಟ್ಬಿಡಿ. ನಾನು ಸಾಕ್ಕೋತೀನಿ."

"ನೀವು ಸಿಬ್ಬಂದಿ ಅಲ್ವಾ ಅಕ್ಕ," ಎಂದರು ಗುಮಾಸ್ತರು, ನಿಜವಾಗಿಯೂ ಬೇಜಾರಿನಿಂದ. "ನಾಲ್ಕನೇ ನಿಯಮ. ಹೀಗೆಲ್ಲ ಶುರುವಾದ್ರೆ ದುರುಪಯೋಗ ಆಗುತ್ತೆ."

ಗುಮಾಸ್ತರು ಕೆಟ್ಟವರಲ್ಲ. ಮನೆಯಲ್ಲಿ ಮಕ್ಕಳ ಹಾಲುಹಲ್ಲು ಬಿದ್ದರೂ ತಾರೀಕು ಬರೆದು ಲಕೋಟೆಯಲ್ಲಿ ಇಡುವ ಮನುಷ್ಯ. ಕಂಡದ್ದನ್ನು ಬರೆಯದೆ ಬಿಡಲಾರರು, ಬರೆದದ್ದನ್ನು ಮೀರಲಾರರು, ಅಷ್ಟೇ.

ಬಟ್ಟಲಕ್ಕ ಗಂಡನಿಗೆ ಹೇಳಿದಳು. ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಇಡೀ ದಿನ ಬೇರೆಯವರ ಕಣ್ಣಿಗೆ ಬೇಕಾದ್ದನ್ನು ಉಜ್ಜಿ ಉಜ್ಜಿ ಮಾತು ಕಡಿಮೆಯಾಗಿತ್ತು. ಹೆಂಡತಿ ಊಟದ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತ ಕಲಸುತ್ತ ಬಾಯಿಗಿಡದೆ ಇರುವುದನ್ನು ಒಂದು ವಾರದಿಂದ ನೋಡುತ್ತಿದ್ದ. ತಾನೇ ಅರ್ಜಿ ಹಾಕುತ್ತೇನೆ ಎಂದ. ಹಾಕಿದ. ಸಂದರ್ಶನದ ದಿನ ಕಚೇರಿಗೆ ಹೋಗುವುದಲ್ಲವೇ ಎಂದು ಇದ್ದದ್ದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದ. ಅಂದರೆ ಆ ಸ್ವೆಟರು.

ಅವನು ಸರಳಿಗೆ ಒಂದು ಮಾರು ದೂರದಲ್ಲಿ ನಿಂತು ಹೆಸರು ಹೇಳಿದ. ಗುಮ್ಮ ಬಾಯಿ ತೆರೆದವನು ಹಾಗೇ ಮುಚ್ಚಿದ. ಮೂಲೆಯಿಂದ ಎದ್ದು, ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಮುಂದೆ ಬಂದು, ಸರಳಿನ ಸಂದಿಯಿಂದ ಮೂಗು ಹಾಕಿ ಸ್ವೆಟರಿನ ತೋಳನ್ನು ಮೂಸಿದ. ಆಮೇಲೆ ಕೂತ. ಒಂದೇ ಒಂದು ಬೊಗಳು ಇಲ್ಲ. ಗುಮಾಸ್ತರ ಹಾಳೆ ಖಾಲಿ.

ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೇಂದ್ರದ ಇತಿಹಾಸದಲ್ಲಿ ಹೀಗಾದದ್ದಿಲ್ಲ. ಮೇಲ್ವಿಚಾರಕರು ಕಡತ ತಿರುವಿ, ಇದು ಅಪರಿಚಿತರನ್ನು ಕಂಡರೆ ತಪ್ಪದೆ ಬೊಗಳುವ ನಾಯಿ ಎಂದು ಹನ್ನೊಂದು ಕಡೆ ದಾಖಲಾಗಿದೆ ಎಂದರು. ಬೊಗಳಲಿಲ್ಲ ಅಂದಮೇಲೆ ಈ ಮನುಷ್ಯ ಅಪರಿಚಿತನಲ್ಲ. ಅಪರಿಚಿತನಲ್ಲ ಅಂದಮೇಲೆ ಇದರ ಹಿಂದೆ ಏನೋ ಇದೆ.

"ಈ ನಾಯಿಗೆ ನಿಮ್ಮ ಪರಿಚಯ ಹೇಗ್ರೀ?" ಎಂದು ಕೇಳಿದರು.

ಗಂಡನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ನನ್ನ ಪರಿಚಯ ಇಲ್ಲ ಸರ್. ಸ್ವೆಟರಿನ ಪರಿಚಯ ಇರಬೇಕು. ನಮ್ಮವಳು ಇಲ್ಲೇ ಕೂತು ಹೆಣೆದದ್ದು."

ನಮ್ಮವಳು ಎಂದರೆ ಯಾರು ಎಂಬ ವಿಚಾರಣೆ ಹದಿನೈದು ನಿಮಿಷ ನಡೆಯಿತು. ಅರ್ಜಿಯ ವಿಳಾಸವೂ ಆಹಾರ ವಿತರಕಿಯ ವಿಳಾಸವೂ ಒಂದೇ ಎಂಬುದನ್ನು ಗುಮಾಸ್ತರು ಆಗ ಗಮನಿಸಿದರು. ಅರ್ಜಿ ವಜಾ ಆಯಿತು. ಜೊತೆಗೆ, ಕೇಂದ್ರದ ಪ್ರಾಣಿಯೊಂದರ ಮೇಲೆ ಉಣ್ಣೆಯ ಮೂಲಕ ಪ್ರಭಾವ ಬೀರಿದ್ದಕ್ಕೆ ಬಟ್ಟಲಕ್ಕನಿಗೆ ಎಚ್ಚರಿಕೆಯ ಪತ್ರ. ಅವಳು ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಕೋಣೆಗೆ ಹೋದಳು. ಒಲೆಯ ಮೇಲೆ ಗಂಜಿ ಇತ್ತು, ತಳ ಹಿಡಿದರೆ ಮೂವತ್ತಾರು ನಾಯಿಗಳಿಗೆ ಉಪವಾಸ.

ಉಳಿದದ್ದು ಹತ್ತೊಂಬತ್ತು ದಿನ. ಅವಳು ರಾಜೀನಾಮೆ ಬರೆದು ತಂದಳು. ಕೆಲಸ ಬಿಟ್ಟರೆ ಸಿಬ್ಬಂದಿಯಲ್ಲ, ಸಿಬ್ಬಂದಿಯಲ್ಲದಿದ್ದರೆ ಅರ್ಜಿ ಹಾಕಬಹುದು, ಸರಿ ತಾನೇ? ಗುಮಾಸ್ತರು ಪತ್ರವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿ, ಸಮಾಧಾನವಾಗಿ ಬಿಡಿಸಿ ಹೇಳಿದರು. ರಾಜೀನಾಮೆ ಅಂಗೀಕಾರವಾಗಲು ಮೂರು ತಿಂಗಳು. ಆದ ಮೇಲೂ ಅವಳನ್ನು ಕಂಡು ನಾಯಿ ಬೊಗಳುವುದಿಲ್ಲವಲ್ಲ, ಅಂದರೆ ಪರಿಚಿತಳು.

"ಒಂದು ಆರು ತಿಂಗಳು ಈ ಕಡೆ ಬರಬೇಡಿ ಅಕ್ಕ. ನಾಯಿ ನಿಮ್ಮನ್ನ ಪೂರ್ತಿ ಮರೀಲಿ. ಮರೆತಿದೆ ಅಂತ ವೈದ್ಯರ ಹತ್ರ ಒಂದು ಪ್ರಮಾಣಪತ್ರ ಮಾಡಿಸಿ ಅರ್ಜಿ ಜೊತೆ ಲಗತ್ತಿಸಿ. ಆಮೇಲೆ ಯಾರೂ ಏನೂ ಕೇಳೋಹಾಗಿಲ್ಲ."

"ಅಷ್ಟರಲ್ಲಿ ಶನಿವಾರ ಬರುತ್ತಲ್ಲ ಸರ್."

"ಬರುತ್ತೆ," ಎಂದು ಗುಮಾಸ್ತರು ಒಪ್ಪಿಕೊಂಡರು. ಕ್ಯಾಲೆಂಡರಿನ ಕಡೆ ಮಾತ್ರ ನೋಡಲಿಲ್ಲ.

ಒಂಬತ್ತು ದಿನ ಉಳಿದಾಗ ಪ್ರಧಾನ ಕಚೇರಿಯಿಂದ ದಾಸ್ತಾನು ತಪಾಸಕರು ಬಂದರು. ವರ್ಷಕ್ಕೊಮ್ಮೆ ಬಂದು ಕುರ್ಚಿ, ಬಕೆಟ್ಟು, ಸರಪಳಿ ಎಲ್ಲದರ ಲೆಕ್ಕ ಹಿಡಿದು, ಪ್ರತಿಯೊಂದಕ್ಕೂ ತಗಡಿನ ಚೀಟಿ ಕಟ್ಟಿ ಹೋಗುವವರು. ಕಣ್ಣಿಗೆ ಕಂಡದ್ದನ್ನು ಬಿಟ್ಟು ಬೇರೆ ಯಾವುದನ್ನೂ ನಂಬುವವರಲ್ಲ. ಹಿಂದಿನ ವರ್ಷ ಮೇಲ್ವಿಚಾರಕರು ಕುರ್ಚಿ ಬಿಟ್ಟು ಕಿಟಕಿಯಲ್ಲಿ ಕೂತಿದ್ದನ್ನು ನೋಡಿ, ಆ ಕುರ್ಚಿಯನ್ನು "ಬಳಕೆಯಲ್ಲಿಲ್ಲ" ಎಂದು ಬರೆದು ತೆಗೆಸಿಕೊಂಡು ಹೋಗಿದ್ದರು. ಅವರ ಬರಹ ಮೇಲಿನ ಆದೇಶವಿಲ್ಲದೆ ತಿದ್ದುವಂತಿಲ್ಲ. ಆದೇಶ ಬರಲು ಹದಿನಾಲ್ಕು ತಿಂಗಳು ಹಿಡಿಯುತ್ತದೆ.

ಈ ವರ್ಷ ಅವರ ಕೈಯಲ್ಲಿ ಹೊಸದೊಂದು ನಮೂನೆ ಇತ್ತು. ಮೂವತ್ತೊಂದನೇ ನಿಯಮದ ಪ್ರಕಾರ, ಹೆದರುವ ಸ್ವಭಾವದ ಪ್ರಾಣಿಗಳಿಗೆ "ಒಗ್ಗಿದ ವಸ್ತುಗಳ ಪಟ್ಟಿ" ಮಾಡಬೇಕು. ಆ ಪ್ರಾಣಿಯನ್ನು ತನಗೆ ಒಗ್ಗಿದ ವಸ್ತುಗಳಿಂದ ಯಾವ ಕಾರಣಕ್ಕೂ ಅಗಲಿಸತಕ್ಕದ್ದಲ್ಲ. ವಸ್ತು ಎಲ್ಲಿಯೋ ಪ್ರಾಣಿಯೂ ಅಲ್ಲಿಯೇ. ಒಗ್ಗಿದೆಯೋ ಇಲ್ಲವೋ ಎಂದು ತಿಳಿಯುವ ಪರೀಕ್ಷೆಯೂ ನಮೂನೆಯಲ್ಲೇ ಇತ್ತು: ವಸ್ತುವನ್ನು ಪ್ರಾಣಿಯ ಮುಂದೆ ಇಡಿ, ಬೊಗಳದಿದ್ದರೆ ಒಗ್ಗಿದೆ.

ತಪಾಸಕರು ನಲವತ್ತೇಳರ ಪಂಜರದ ಮುಂದೆ ನಿಂತು ನಿಯಮವನ್ನು ಗಟ್ಟಿಯಾಗಿ ಓದಿದರು. ಹಿಂದೆ ಮೇಲ್ವಿಚಾರಕರು, ಗುಮಾಸ್ತರು. ಗೋಣಿಚೀಲ ಮೊದಲಿನಿಂದಲೂ ಒಳಗೇ ಇತ್ತು, ಗುಮ್ಮ ಅದರ ಮೇಲೇ ನಿಂತು ಇವರತ್ತ ಬೊಗಳುತ್ತಿದ್ದ. ಚೀಲದತ್ತ ಬೊಗಳುತ್ತಿಲ್ಲ ಎಂದು ಖಚಿತಪಡಿಸಿಕೊಂಡು ತಪಾಸಕರು ಒಂದನೇ ಸಾಲಿನಲ್ಲಿ "ಗೋಣಿಚೀಲ, ಒಂದು" ಎಂದು ಬರೆದರು. ಆಮೇಲೆ ತುದಿ ನಗ್ಗಿದ ಬಟ್ಟಲನ್ನು ತಾವೇ ತೆಗೆದುಕೊಂಡು ಮುಂದೆ ಚಾಚಿದರು. ಬೊಗಳಾಟ ಇಮ್ಮಡಿಯಾಯಿತು. ಬಟ್ಟಲಕ್ಕ ಅವರ ಕೈಯಿಂದ ಬಟ್ಟಲು ತೆಗೆದುಕೊಂಡು, ಸರಳಿಗೆ ಬೆನ್ನು ಮಾಡಿ ನಿಂತು, ಕೈಯನ್ನು ಹಿಂದಕ್ಕೆ ಚಾಚಿ ಹಿಡಿದಳು. ಗುಮ್ಮ ಸುಮ್ಮನಾಗಿ ಬಂದು ಬಟ್ಟಲನ್ನಲ್ಲ, ಹಿಡಿದಿದ್ದ ಕೈಯನ್ನು ನೆಕ್ಕಿದ.

ತಪಾಸಕರು ಇದನ್ನು ಮೂರು ಸಲ ಮಾಡಿಸಿ ನೋಡಿದರು. ಪ್ರತಿ ಸಲವೂ ಅದೇ ಫಲ.

"ಬಟ್ಟಲು ಒಂದೇ ಇದ್ದರೆ ಬೊಗಳುತ್ತೆ. ಇವರ ಜೊತೆ ಇದ್ದರೆ ಬೊಗಳಲ್ಲ. ಅಂದ ಮೇಲೆ ಒಗ್ಗಿರೋದು ಬಟ್ಟಲಲ್ಲ, ಇವರು," ಎಂದು ಹೇಳಿ ಎರಡನೇ ಸಾಲಿನಲ್ಲಿ ಬರೆದರು: "ಬಟ್ಟಲಕ್ಕ, ಒಂದು. ಬಟ್ಟಲು ಸಹಿತ."

ಗುಮಾಸ್ತರು ಕೆಮ್ಮಿದರು. ಇವರು ವಸ್ತುವಲ್ಲ, ಸಿಬ್ಬಂದಿ ಎಂದು ನೆನಪಿಸಿದರು. ತಪಾಸಕರು ತಲೆಯೆತ್ತದೆ, ತಮ್ಮ ನಮೂನೆಯಲ್ಲಿ ಸಿಬ್ಬಂದಿಗೆ ಕಾಲಂ ಇಲ್ಲ, ವಸ್ತುವಿಗೆ ಮಾತ್ರ ಇದೆ ಎಂದರು. ಒಬ್ಬರೇ ದಾಸ್ತಾನಿನಲ್ಲೂ ಸಂಬಳದ ಪಟ್ಟಿಯಲ್ಲೂ ಇರುವಂತಿಲ್ಲ, ಆದ್ದರಿಂದ ಸಂಬಳದ ಪಟ್ಟಿಯಿಂದ ಹೊಡೆದುಹಾಕಿ ಎಂದೂ ಹೇಳಿದರು. ಸಂಬಂಧಪಟ್ಟವರಿಗೆ ಆಕ್ಷೇಪಣೆ ಇದ್ದರೆ ಈಗಲೇ ಹೇಳಬಹುದು, ತಾವು ಬರೆದದ್ದನ್ನು ತಾವೇ ಹೊಡೆದು, ಪ್ರಾಣಿಗೆ ಒಗ್ಗಿದ ವಸ್ತು ಗೋಣಿಚೀಲ ಮಾತ್ರ ಎಂದು ಮುಗಿಸುವುದಾಗಿ ತಿಳಿಸಿದರು.

ಬಟ್ಟಲಕ್ಕನದು ಹದಿನೇಳು ವರ್ಷದ ಕೆಲಸ. ಮಳೆ ಇರಲಿ ಜ್ವರ ಇರಲಿ ಒಂದು ದಿನ ಗಂಜಿ ತಡವಾದದ್ದಿಲ್ಲ. ನಾನೇನು ತಟ್ಟೆಯಾ ಚೊಂಬಾ ಎಂದು ಕೇಳಬೇಕು ಅನ್ನಿಸಿತು, ಮಾತು ತುದಿ ನಾಲಿಗೆಗೂ ಬಂತು. ಅಷ್ಟರಲ್ಲಿ ತಪಾಸಕರು ಮುಂದಿನ ಕಾಲಂ ಓದಿದರು.

"ಕೆಲಸ ಇಲ್ಲದ ಹೊತ್ತಲ್ಲಿ ಈ ವಸ್ತುವನ್ನ ಎಲ್ಲಿ ಇಟ್ಟಿರ್ತಾರೆ?"

ಬಟ್ಟಲಕ್ಕ ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ವಸ್ತು ಎಲ್ಲಿಯೋ ಪ್ರಾಣಿಯೂ ಅಲ್ಲಿಯೇ ಎಂದು ಈಗಷ್ಟೇ ಇದೇ ಮನುಷ್ಯ ಓದಿದ್ದ. ಹಿಂದೆ ಚಾಚಿದ್ದ ಕೈಗೆ ಒದ್ದೆ ಮೂಗು ಇನ್ನೂ ತಾಗುತ್ತಿತ್ತು. ಅವಳು ಮುಖದ ಒಂದು ಗೆರೆಯೂ ಅಲುಗದ ಹಾಗೆ ಮನೆ ನಂಬರು, ಬೀದಿ, ಎರಡನೇ ಮಹಡಿ ಎಂದು ಬಿಡಿಸಿ ಹೇಳಿದಳು.

"ಆಕ್ಷೇಪಣೆ?"

"ಇಲ್ಲ ಸರ್."

ಹೀಗೆ ನಲವತ್ತೇಳನೇ ನಾಯಿಗೆ ಮನೆ ಸಿಕ್ಕಿತು. ಇದು ದತ್ತು ಅಲ್ಲ, ದಾಸ್ತಾನಿನ ಸ್ಥಳಾಂತರ. ಆದ್ದರಿಂದ ನಾಲ್ಕನೇ ನಿಯಮವಾಗಲಿ ಒಂಬತ್ತನೇ ನಿಯಮವಾಗಲಿ ಅನ್ವಯಿಸಲಿಲ್ಲ. ನಾಯಿ ಕೇಂದ್ರದ ಆವರಣದಲ್ಲಿ ವಾಸವಿಲ್ಲವಾದ್ದರಿಂದ ಹದಿನಾರನೆಯದೂ ಬಿದ್ದುಹೋಯಿತು. ಗುಮಾಸ್ತರು ಕ್ಯಾಲೆಂಡರಿನ ಕೆಂಪು ಸುತ್ತಿನ ಮೇಲೆ ಬಿಳಿ ಕಾಗದ ಅಂಟಿಸಿ, ಅಂಟಿಸಿದ ತಾರೀಕನ್ನು ಅದರ ಮೇಲೆ ಬರೆದರು. ಮಂಜೂರಾಗಿದ್ದ ಅರ್ಧ ದಿನದ ರಜೆ ಮಾತ್ರ ರದ್ದಾಯಿತು, ವಸ್ತುಗಳಿಗೆ ರಜೆ ಇಲ್ಲ.

ಆ ಸಂಜೆ ಗಂಡ ಬಂದು ರಸೀದಿಗೆ ಸಹಿ ಹಾಕಿದ. "ಗೋಣಿಚೀಲ ಒಂದು, ಬಟ್ಟಲಕ್ಕ ಒಂದು, ಬಟ್ಟಲು ಸಹಿತ, ಸುಸ್ಥಿತಿಯಲ್ಲಿ ಸ್ವೀಕರಿಸಿದ್ದೇನೆ." ಮೂವರೂ ನಡೆದೇ ಮನೆಗೆ ಹೋದರು. ದಾರಿಯಲ್ಲಿ ಅವಳು ಒಮ್ಮೆ ನಿಂತು, "ರೀ, ನನ್ನ ಕೆಲಸ ಹೋಯ್ತು," ಎಂದಳು. ಅವನು ಸ್ವಲ್ಪ ಯೋಚಿಸಿ, "ಹೋಗಿಲ್ಲ, ನಾಳೆ ಏಳಕ್ಕೆ ಬರಬೇಕಂತೆ," ಎಂದ.

ಅದೂ ನಿಜವೇ. ಮೂವತ್ತಾರು ನಾಯಿಗಳಿಗೆ ಗಂಜಿ ಬೇಯಿಸುವವರು ಬೇರೆ ಯಾರಿದ್ದಾರೆ? ಹೊಸ ಆಹಾರ ವಿತರಕಿಯನ್ನು ನೇಮಿಸುವ ಅಗತ್ಯ ಮೇಲ್ವಿಚಾರಕರಿಗೆ ಕಾಣಲಿಲ್ಲ, ದಾಸ್ತಾನಿನಿಂದ ಎರವಲು ತರಿಸಿಕೊಂಡರಾಯಿತಲ್ಲ. ಆ ಸಂಬಳದಲ್ಲಿ ಭಾಮೈದನನ್ನು ದಾಸ್ತಾನು ಸಲಹೆಗಾರನಾಗಿ ಇಟ್ಟುಕೊಂಡರು. ದಿನಾ ಬೆಳಿಗ್ಗೆ ಗಂಡ "ವಸ್ತು ಹೊರಕ್ಕೆ" ಎಂಬ ಚೀಟಿಗೆ ಸಹಿ ಹಾಕುತ್ತಾನೆ, ಸಂಜೆ "ವಸ್ತು ಒಳಕ್ಕೆ" ಎಂಬುದಕ್ಕೆ. ಎರವಲು ವಸ್ತುವಿಗೆ ದಿನಕ್ಕಿಷ್ಟು ಎಂದು ಸವಕಳಿ ಭತ್ಯೆ ಸಿಗುತ್ತದೆ, ಸಂಬಳದ ಅರ್ಧ. ಅಗಲಿಸುವಂತಿಲ್ಲವಾದ್ದರಿಂದ ಗುಮ್ಮನೂ ಜೊತೆಗೇ ಬರುತ್ತಾನೆ, ಅಡುಗೆಕೋಣೆಯ ಬಾಗಿಲಲ್ಲಿ ಮಲಗಿರುತ್ತಾನೆ, ಹೊಸಬರು ಬಂದರೆ ಬೊಗಳುತ್ತಾನೆ. ವಾರ್ಷಿಕ ವರದಿಯಲ್ಲಿ ಕೇಂದ್ರ ಆ ವರ್ಷ ಎಲ್ಲ ಹಳೆಯ ನಾಯಿಗಳಿಗೂ ಸೂಕ್ತ ಮನೆ ಹುಡುಕಿಕೊಟ್ಟಿದೆ ಎಂದಿತ್ತು. ಸುಳ್ಳೇನಲ್ಲ.

ಮನೆಯಲ್ಲಿ ಮೊದಮೊದಲು ಸ್ವಲ್ಪ ಕಷ್ಟವಾಯಿತು. ಸ್ವೆಟರು ಬಿಚ್ಚಿದರೆ ಗುಮ್ಮನಿಗೆ ಗಂಡ ಅಪರಿಚಿತ. ಸುಡುಬಿಸಿಲಿನ ದಿನಗಳಲ್ಲೂ ಅವನು ಸ್ವೆಟರು ಹಾಕಿಕೊಂಡೇ ಊಟ ಮಾಡಿದ, ಸ್ವೆಟರು ಹಾಕಿಕೊಂಡೇ ಬೆನ್ನು ತಿರುಗಿಸಿ ಕೂತು ಪೇಪರು ಓದಿದ. ಬೆವರು ಸುರಿಯುತ್ತಿದ್ದರೂ ಗೊಣಗಲಿಲ್ಲ. ಇಪ್ಪತ್ತೆರಡನೇ ದಿನ ಹಿಮ್ಮಡಿಗೆ ಏನೋ ತಣ್ಣಗೆ ತಾಗಿತು. ಅವನು ತಿರುಗದೆ, ಪೇಪರಿನ ಅದೇ ಪುಟವನ್ನು ಒಂದು ಗಂಟೆ ಓದಿದ.

ವರ್ಷ ತುಂಬಿದಾಗ ದಾಸ್ತಾನು ತಪಾಸಕರು ಮನೆಗೇ ಬಂದರು, ಗುಮಾಸ್ತರನ್ನೂ ಕರೆದುಕೊಂಡು. ಗೋಣಿಚೀಲ ನೋಡಿ ಗೀಟು ಹಾಕಿದರು. ಬಟ್ಟಲಕ್ಕನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಮುಂದೆ ಹಿಂದೆ ನೋಡಿ, "ಸ್ವಲ್ಪ ಸವೆದಿದೆ, ಬಳಕೆಗೆ ಯೋಗ್ಯ" ಎಂದು ಬರೆದರು. ಕಳೆದ ವರ್ಷದ ತಗಡಿನ ಚೀಟಿ ಎಲ್ಲಿ ಎಂದು ಕೇಳಿದಾಗ ಅವಳು ಕತ್ತಿನ ದಾರ ಹೊರಗೆಳೆದು ತೋರಿಸಿದಳು. ಅದನ್ನು ಬಿಚ್ಚಿಸಿಕೊಂಡು ಹೊಸದು ಕೊಟ್ಟರು. ಒಂದೇ ಒಂದು ಕಾಲಂ ಖಾಲಿ ಉಳಿದಿತ್ತು.

"ವಸ್ತುವಿನ ಬಾಳಿಕೆ," ಎಂದು ಓದಿದರು. "ಗೋಣಿಚೀಲಕ್ಕೆ ಎರಡು ವರ್ಷ, ಬಟ್ಟಲಿಗೆ ಐದು. ನಿಮಗೆ ಎಷ್ಟು ಅಂತ ಬರೀಲಮ್ಮ?"

ಬಟ್ಟಲಕ್ಕ ಕೆಳಗೆ ನೋಡಿದಳು. ಗುಮ್ಮ ಅವಳ ಪಾದದ ಮೇಲೆ ಗದ್ದ ಇಟ್ಟು, ಬಂದವರನ್ನು ಕಣ್ಣಂಚಿನಲ್ಲಿ ಗಮನಿಸುತ್ತಿದ್ದ. ಮೂತಿಯ ಸುತ್ತ ಆಗಲೇ ಒಂದಿಷ್ಟು ಬಿಳಿ ಬಂದಿತ್ತು.

"ಇವನಿಗೆ ಎಷ್ಟೋ ಅಷ್ಟೇ ಬರೀರಿ."

ತಪಾಸಕರು "ಪ್ರಾಣಿಯ ಆಯುಷ್ಯದವರೆಗೆ" ಎಂದು ಬರೆದರು. ಬಾಗಿಲ ಬಳಿ ಒಂದು ಗಾಜು ಹಿಡಿದು ಉಜ್ಜುತ್ತ ಕೂತಿದ್ದ ಗಂಡ, ಆಮೇಲೆ ಏನು ಮಾಡುತ್ತೀರಿ ಎಂದು ಕೇಳಿದ. ಆಮೇಲೆ ನಿಯಮದಂತೆ ಹರಾಜು ಎಂದರು ತಪಾಸಕರು.

"ಹರಾಜಿಗೆ ಮುಂಚೆ ನನಗೊಂದು ಮಾತು ತಿಳಿಸಿ ಸರ್. ನಾನು ಬರ್ತೀನಿ."

ತಪಾಸಕರು ಗುಮಾಸ್ತರ ಮುಖ ನೋಡಿದರು. ಗುಮಾಸ್ತರಿಗೆ ಉತ್ತರ ಗೊತ್ತಿತ್ತು, ಹೇಳಲು ಮನಸ್ಸಿರಲಿಲ್ಲ, ಆದರೂ ಹೇಳಿದರು. "ನೀವು ಅವರ ಸಂಬಂಧಿಕರಲ್ವಾ. ನಾಲ್ಕನೇ ನಿಯಮದ ಪ್ರಕಾರ ನಿಮಗೆ ಕೊಡೋಹಾಗಿಲ್ಲ."

ಗಂಡ ಅದೂ ಸರಿಯೇ ಎಂಬಂತೆ ತಲೆಯಾಡಿಸಿದ. ಅಷ್ಟರೊಳಗೆ ಅಪರಿಚಿತನಾಗುವುದಕ್ಕೆ ಏನಾದರೂ ಅರ್ಜಿ ನಮೂನೆ ಇದೆಯೇ ಎಂದು ಕೇಳಿದ. ಇದೆ ಎಂದರು ಗುಮಾಸ್ತರು, ಚೀಲದಿಂದ ಒಂದನ್ನು ತೆಗೆದು ಕೊಟ್ಟರು, ಆರು ತಿಂಗಳು ಮುಂಚಿತವಾಗಿ ಸಲ್ಲಿಸಬೇಕು ಎಂದರು. ಅವನು ಅದನ್ನು ನಾಲ್ಕಾಗಿ ಮಡಿಸಿ ಸ್ವೆಟರಿನ ಜೇಬಿನಲ್ಲಿ ಇಟ್ಟುಕೊಂಡ.

ಬಟ್ಟಲಕ್ಕ ಎಲ್ಲರಿಗೂ ಚಹಾ ಕೊಟ್ಟಳು. ಕುಡಿದು ಎದ್ದು ಹೊರಡುವಾಗ ಗುಮ್ಮ ಬಾಗಿಲವರೆಗೆ ಬಂದು ಬೊಗಳಿದ. ಗುಮಾಸ್ತರು ಅಭ್ಯಾಸಬಲದಿಂದ ಎಣಿಸಿದರು, ನಾಲ್ಕು. "ಸಂಭಾಷಣೆ" ಎಂದು ಬರೆದುಕೊಂಡು ಮೆಟ್ಟಿಲಿಳಿದರು.